ಮನಿಲಾದಲ್ಲಿ ಬೆಂಚು ನೋಡಿದ್ದು

ಸಾವರ್ಡೆ

ಗಾಬರಿ ಸ್ವಭಾವದವರಿಗೆ ಮೊದಲೇ ಹೇಳಿಬಿಡುತ್ತೇನೆ: ಹೋದೆ, ಬಂದೆ, ಎಲ್ಲ ಸುಸೂತ್ರವಾಯಿತು. ಪಾಸ್‌ಪೋರ್ಟ್ ಕಳೆಯಲಿಲ್ಲ, ಹೊಟ್ಟೆ ಕೆಡಲಿಲ್ಲ, ಅಂಗಡಿ ಮುಳುಗಲಿಲ್ಲ. ಈ ಮೂರನೆಯದನ್ನು ಹೇಳುವಾಗ ಈಗಲೂ ಒಂದು ದೊಡ್ಡ ಉಸಿರು ತಾನಾಗಿಯೇ ಹೊರಗೆ ಬರುತ್ತದೆ. ಯಾಕೆಂದರೆ ಈ ಪ್ರವಾಸದಲ್ಲಿ ಪಣಕ್ಕಿಟ್ಟದ್ದೇ ಅಂಗಡಿಯನ್ನು.

ಗೋವೆಯ ಸಾವರ್ಡೆಯ ಪೇಟೆಯಲ್ಲಿ ನಮ್ಮದು ಪಾತ್ರೆ ಅಂಗಡಿ. ಅಪ್ಪ ಧಾರವಾಡದ ಕಡೆಯಿಂದ ಬಂದು ಹಾಕಿದ್ದು. ಅದಿರಿನ ಲಾರಿಗಳು ಎಡಬಿಡದೆ ಓಡುತ್ತಿದ್ದ ಕಾಲವನ್ನೂ ಕಂಡಿದೆ, ಅವು ನಿಂತು ರಸ್ತೆ ಭಣಗುಟ್ಟಿದ ಕಾಲವನ್ನೂ ಕಂಡಿದೆ. ಅಪ್ಪನ ನಂತರ ಗಲ್ಲಾದ ಹಿಂದೆ ಕೂತವನು ನಾನೊಬ್ಬನೇ. ತಮ್ಮ ಮಡ್ಕಯಿಯ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸದವನು, ಅವನಿಗೆ ತಪೇಲಿಗೂ ಬೋಗುಣಿಗೂ ವ್ಯತ್ಯಾಸ ತಿಳಿಯದು. ಅಂಗಡಿಯಲ್ಲಿ ನನ್ನ ಜೊತೆ ಇರುವವರು ಮೂವರು: ಹೆಂಡತಿ ನೀಲಾ, ತಮ್ಮನ ಹೆಂಡತಿ ಸುಮಾ, ಪಾತ್ರೆಗಳ ಮೇಲೆ ಹೆಸರು ಕೊರೆಯುವ ಫಕೀರಪ್ಪ. ಜೊತೆ ಇರುವವರು ಅಂದರೆ ನಾನು ಹೇಳಿದ್ದನ್ನು ತೆಗೆದುಕೊಡುವವರು. ಬೆಲೆ ಹೇಳುವುದು ನಾನು, ಗಿರಾಕಿಯನ್ನು ಮಾತಾಡಿಸುವುದು ನಾನು, ಬಾಗಿಲು ತೆಗೆಯುವುದು ನಾನು, ಹಾಕುವುದೂ ನಾನು.

ನನ್ನ ಎಡ ಮೊಣಕಾಲು ಸವೆದುಹೋಗಿತ್ತು. ಮಡಗಾಂವಿನ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಕೀಲು ಬದಲಿಸಬೇಕು, ಆಮೇಲೆ ಒಂದೂವರೆ ತಿಂಗಳು ಮನೆಯಲ್ಲಿ ಇರಬೇಕು ಎಂದರು. ಮೊದಲ ಮಾತಿಗೆ ನಾನು ಅಂಜಲಿಲ್ಲ. ಎರಡನೆಯದಕ್ಕೆ ಅಂಜಿದೆ. ಅಷ್ಟು ದಿನ ಅಂಗಡಿ ಯಾರು ನೋಡುತ್ತಾರೆ? ಚೌತಿ ಮುಗಿಯಲಿ ಅಂದೆ, ದೀಪಾವಳಿ ಮುಗಿಯಲಿ ಅಂದೆ, ಮದುವೆಯ ದಿನಗಳು ಮುಗಿಯಲಿ ಅಂದೆ. ಅಷ್ಟರಲ್ಲಿ ಏಣಿ ಹತ್ತುವುದು ನಿಂತಿತು, ಆಮೇಲೆ ನೆಲದ ಮೇಲೆ ಕೂತು ಊಟ ಮಾಡುವುದು ನಿಂತಿತು. ನೀಲಾ ಒಂದು ಕುರ್ಚಿ ತಂದು ಅಡುಗೆಮನೆಯಲ್ಲಿ ಇಟ್ಟಳು.

ಇನ್ನು ಬಾಸ್ಕೆಟ್‌ಬಾಲ್ ವಿಷಯ. ಇದಕ್ಕೆ ಕಾರಣ ಪಕ್ಕದ ಮನೆಯ ಕಾಯ್ತಾನ. ಆಯುಷ್ಯವೆಲ್ಲ ಹಡಗಿನ ಅಡುಗೆಮನೆಯಲ್ಲಿ ದುಡಿದವನು. ಹಡಗಿನಲ್ಲಿ ಗೋವೆಯವರನ್ನೂ ಫಿಲಿಪೀನ್ಸಿನವರನ್ನೂ ಒಂದೇ ಕೋಣೆಗೆ ತುಂಬುತ್ತಾರಂತೆ. ಅಲ್ಲಿ ಅವನಿಗೆ ರೊಡೆಲ್ ಎಂಬ ಗೆಳೆಯ ಸಿಕ್ಕಿದ, ಗೆಳೆಯನ ಜೊತೆಗೆ ಮನಿಲಾದ ಬಾಸ್ಕೆಟ್‌ಬಾಲ್ ಹುಚ್ಚೂ ಅಂಟಿತು. ನಿವೃತ್ತನಾಗಿ ಊರಿಗೆ ಬಂದವನು ಅದನ್ನು ನನಗೆ ಹಚ್ಚಿದ. ಅಲ್ಲಿಯ ಸಂಜೆಯ ಆಟ ಶುರುವಾಗುವ ಹೊತ್ತಿಗೆ ನಮ್ಮಲ್ಲಿ ಮಧ್ಯಾಹ್ನ, ಪೇಟೆಯೆಲ್ಲ ಬಾಗಿಲು ಹಾಕಿ ಮಲಗಿರುತ್ತದೆ. ನಾವಿಬ್ಬರು ಅರ್ಧ ಶಟರ್ ಇಳಿಸಿ ಅವನ ಫೋನನ್ನು ಒಂದು ಕೊಡಕ್ಕೆ ಆನಿಸಿ ನೋಡುತ್ತಿದ್ದೆವು.

ರೊಡೆಲ್ ಮೆಚ್ಚಿದ ತಂಡವೇ ನಮ್ಮ ತಂಡವೂ ಆಯಿತು, ಆದರೆ ಅದರ ಆಟಗಾರರ ಹೆಸರುಗಳು ನನ್ನ ನಾಲಿಗೆಗೆ ಹೊರಳುವುದಿಲ್ಲ. ಹಾಗಾಗಿ ಅಂಗಡಿಯಲ್ಲಿ ಕಣ್ಣಿಗೆ ಬಿದ್ದ ಹೆಸರುಗಳನ್ನೇ ಇಟ್ಟೆ. ಕುಳ್ಳಗೆ ಗುಂಡಗೆ ಇದ್ದು ಚೆಂಡನ್ನು ಎಂದೂ ಚೆಲ್ಲದ ನಾಯಕ ತಂಬಿಗೆ. ಬುಟ್ಟಿಯ ಕೆಳಗೆ ಅಲುಗದೆ ನಿಲ್ಲುವ ಭಾರಿ ಆಳು ಹಂಡೆ. ಇವರಿಬ್ಬರು ಮೊದಲ ಐವರಲ್ಲಿನವರು. ಬೆಂಚಿನ ಮೇಲೆ ಕೂರುವವರಲ್ಲಿ ಉದ್ದಕ್ಕೆ ತೆಳ್ಳಗೆ ಇರುವವನು ಲಟ್ಟಣಿಗೆ. ಇನ್ನೊಬ್ಬ ಝಾರಾ, ಎಂದರೆ ಭಜಿ ಕರಿಯುವ ತೂತಿನ ಸೌಟು. ಅವನ ಕೈಯಲ್ಲಿ ಚೆಂಡು ನಿಲ್ಲುವುದಿಲ್ಲ.

ನನ್ನ ವಾದ ಇಷ್ಟೇ. ನಮ್ಮ ತಂಡದ್ದು ಐದೇ ಮಂದಿಯ ಸಂಸಾರ. ಮೊದಲ ಐವರು ತಾಮ್ರ, ಉಳಿದವರು ಬರೀ ತಗಡು. ಬೇರೆ ತಂಡಗಳು ಹತ್ತು ಮಂದಿಯನ್ನು ಸರದಿಯ ಮೇಲೆ ಇಳಿಸುತ್ತವೆ. ನಮ್ಮ ಕೋಚ್ ತಂಬಿಗೆಯನ್ನು ಕೂರಿಸಲು ಹೆದರುತ್ತಾನೆ. ಕೂರಿಸಿದೊಡನೆ ಮುನ್ನಡೆ ಸೋರತೊಡಗುತ್ತದೆ, ಗಾಬರಿಯಾಗಿ ಮತ್ತೆ ಎಬ್ಬಿಸುತ್ತಾನೆ. ಕೊನೆಯ ಕ್ವಾರ್ಟರಿನ ಹೊತ್ತಿಗೆ ತಂಬಿಗೆ ಕಾಲು ಎಳೆಯುತ್ತಿರುತ್ತಾನೆ. ಕಾಯ್ತಾನ ಇದನ್ನು ಒಪ್ಪುತ್ತಿರಲಿಲ್ಲ. ಅವನು ಲಾರಿ ಡ್ರೈವರುಗಳ ಜೊತೆ ಬೆಳೆದು ಕಲಿತ ಕನ್ನಡದಲ್ಲಿ ನನಗೆ ಪಾಠ ಹೇಳುತ್ತಿದ್ದ.

"ಶೇಟ್, ಬೆಂಚ್ ಕೆಟ್ಟಿಲ್ಲ. ಕೋಚ್‌ಗೆ ಧೈರ್ಯ ಇಲ್ಲ. ಎರಡು ನಿಮಿಷ ಆಡಿಸಿ ಹೊರಗ ಕರದ್ರ ಯಾಂವ ಆಡ್ತಾನ?"

ಮೂಲೆಯಲ್ಲಿ ಲೋಟಗಳ ಧೂಳು ಒರೆಸುತ್ತಿದ್ದ ನೀಲಾ ತಲೆ ಎತ್ತಿದಳು. "ಕಾಯ್ತಾನಣ್ಣ, ಇದನ್ನ ಆ ಕೋಚ್‌ಗೆ ಹೇಳಾಕತ್ತೀಯೋ, ಈ ಕೋಚ್‌ಗೆ ಹೇಳಾಕತ್ತೀಯೋ?"

ಕಾಯ್ತಾನ ನಕ್ಕ. ನನಗೆ ನಗು ಬರಲಿಲ್ಲ. ಅದೇ ವಾರ ಅವನು ರೊಡೆಲ್‌ನ ಮನೆಗೆ ಹೊರಟ ಸುದ್ದಿ ಹೇಳಿ ನನ್ನನ್ನೂ ಕರೆದ. ನಾನು ಬಾಯಿ ತೆರೆಯುವ ಮೊದಲೇ ನೀಲಾ ಒಪ್ಪಂದ ಮುಂದಿಟ್ಟಳು.

"ಎಂಟು ದಿವಸ ಹೋಗಿ ಬರ್ರಿ. ಅಂಗಡಿ ನಾವು ನಡಸ್ತೀವಿ. ನಡೀಲಿಲ್ಲ ಅಂದ್ರ ನಾ ಆಪರೇಶನ್ ಮಾತು ಎತ್ತಂಗಿಲ್ಲ. ನಡೀತು ಅಂದ್ರ ನೀವು ತುಟಿ ಪಿಟಕ್ ಅನ್ನದ ದವಾಖಾನಿಗೆ ಬರಬೇಕು."

ನಾನು ಒಪ್ಪಿಕೊಂಡೆ. ಖರೇ ಹೇಳಬೇಕೆಂದರೆ, ಅವರು ಸೋಲುತ್ತಾರೆ ಎಂದು ನನಗೆ ಖಾತ್ರಿ ಇತ್ತು.

ದಾಬೋಳಿ

ಶನಿವಾರ ಸಂಜೆ ಎಂದಿನಂತೆ ಬಾಗಿಲು ಹಾಕಿದೆ. ಶಟರ್ ಎಳೆದು, ಅಪ್ಪನ ಕಾಲದ ಹಿತ್ತಾಳೆಯ ಕೀಲಿ ಹಾಕಿ, ಎರಡು ಸಲ ಜಗ್ಗಿ ನೋಡಿ, ಹೊಸ್ತಿಲಿಗೆ ಕೈ ಮುಗಿದೆ. ಮನೆಗೆ ಬಂದು ಕೀಲಿಕೈ ಗೊಂಚಲನ್ನು ದೇವರ ಗೂಡಿನಲ್ಲಿ ಇಟ್ಟು, "ನೋಡು, ಇಲ್ಲಿ ಇಟ್ಟೇನಿ" ಎಂದು ನೀಲಾಗೆ ತೋರಿಸಿದೆ. ಸೋಮವಾರ ಬೆಳಿಗ್ಗೆ ಕುಡಚಡೆಯ ಮದುವೆ ಮನೆಯವರು ಬರುವವರಿದ್ದರು. ಬೀಗರಿಗೆ ಕೊಡಲು ಹೆಸರು ಕೊರೆಸಿದ ಪಾತ್ರೆಗಳೆಲ್ಲ ಅಂಗಡಿಯೊಳಗೆ ಸಿದ್ಧವಾಗಿ ಕೂತಿದ್ದವು. ಅದನ್ನೂ ಮೂರು ಸಲ ಹೇಳಿದೆ.

ಭಾನುವಾರ ಪೇಟೆಗೆ ರಜೆ. ನಸುಕಿನಲ್ಲಿ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ದೇವರಿಗೆ ಕೈ ಮುಗಿದು ಹೊರಟೆ. ದಾಬೋಳಿಯ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಚೌಕಟ್ಟು ದಾಟಿದಾಗ ಅದು ಕುಂಯ್ ಅಂದಿತು. ಪೊಲೀಸಪ್ಪ ಕಿಸೆ ತೋರಿಸಿ ಅಂದ. ಅಂಗಿಯ ಮೇಲೆ ತೊಟ್ಟ ತೋಳಿಲ್ಲದ ಬಂಡಿಯ ಒಳಕಿಸೆಗೆ ಕೈ ಹಾಕಿ ಗೊಂಚಲು ತೆಗೆದು ತಟ್ಟೆಯಲ್ಲಿಟ್ಟೆ. ಆ ಕಡೆ ಹೋಗಿ ಮೊದಲು ಗೊಂಚಲನ್ನೇ ಎತ್ತಿಕೊಂಡು ಕಿಸೆಗೆ ಹಾಕಿದೆ. ಪಾಸ್‌ಪೋರ್ಟ್ ತಟ್ಟೆಯಲ್ಲೇ ಉಳಿದಿತ್ತು, ಕಾಯ್ತಾನ ತಂದುಕೊಟ್ಟ.

ಓದುತ್ತಿರುವ ನಿಮಗೆ ವಿಷಯ ತಿಳಿಯಿತು. ನನಗೆ ತಿಳಿಯಲಿಲ್ಲ. ಕಾಯ್ತಾನ ಮನೆಯ ಕೀಲಿಕೈ ಇರಬೇಕು ಅಂದುಕೊಂಡನಂತೆ. ನಾನಂತೂ ಏನನ್ನೂ ಅಂದುಕೊಳ್ಳಲಿಲ್ಲ. ಅಂಗಡಿಕಾರನ ಕೈ ಅದು. ಬೆಳಿಗ್ಗೆ ದೇವರಿಗೆ ಮುಗಿದ ಮೇಲೆ ನೇರ ಗೂಡಿಗೆ ಹೋಗುತ್ತದೆ, ಅಲ್ಲಿಂದ ನೇರ ಕಿಸೆಗೆ ಬರುತ್ತದೆ. ನಡುವೆ ತಲೆಗೆ ಕೆಲಸವಿಲ್ಲ. ಹೀಗೆ ಸಾವರ್ಡೆಯ ಅಂಗಡಿಯ ಕೀಲಿಕೈ ನನ್ನ ಎದೆಗೆ ಅಂಟಿಕೊಂಡು ಮುಂಬಯಿ ನೋಡಿತು, ಸಿಂಗಾಪುರ ನೋಡಿತು, ಸಮುದ್ರ ದಾಟಿತು.

ಮನಿಲಾ, ರೊಡೆಲ್‌ನ ಮನೆ

ಸೋಮವಾರ ಬೆಳಿಗ್ಗೆ ಇಳಿದಾಗ ರೊಡೆಲ್ ನಮ್ಮನ್ನು ಕರೆದೊಯ್ಯಲು ಬಂದಿದ್ದ. ಕಾಯ್ತಾನನನ್ನು ಅಪ್ಪಿಕೊಂಡು ಇಬ್ಬರೂ ಹಡಗಿನ ಇಂಗ್ಲಿಷಿನಲ್ಲಿ ಒಬ್ಬರಿಗೊಬ್ಬರು ಬೈದುಕೊಂಡರು. ಮನೆ ಊರ ಹೊರಗಿನ ಒಂದು ಗಲ್ಲಿಯಲ್ಲಿ. ಮೂಲೆಗೊಂದು ಶಿಲುಬೆ, ಗೇಟಿನ ಪಕ್ಕ ದಾಸವಾಳ, ಬಿಸಿ ಬ್ರೆಡ್ಡಿನ ವಾಸನೆ, ಸೈಕಲ್ಲಿನ ಮೇಲೆ ಮೀನು ಮಾರುವವನ ಹಾರ್ನು. ಇಷ್ಟು ದೂರ ಬಂದು ನಮ್ಮೂರ ಪಕ್ಕದ ಕೇಪೆಯಲ್ಲಿ ಇಳಿದೆನೇನೋ ಅನ್ನಿಸಿತು.

ಬಾಗಿಲಲ್ಲಿ ರೊಡೆಲ್‌ನ ಮಗಳು ಬಂದು ನನ್ನ ಕೈ ಹಿಡಿದು ಬಗ್ಗಿದಳು. ಬ್ಯಾಗು ಕೇಳುತ್ತಿದ್ದಾಳೆ ಎಂದು ನಾನು ಬ್ಯಾಗಿನ ಹಿಡಿಕೆ ಅವಳ ಕೈಗೆ ಕೊಟ್ಟೆ. ಅವಳು ಕಕ್ಕಾಬಿಕ್ಕಿಯಾಗಿ ನಿಂತಳು. ಹಿರಿಯರ ಕೈಯನ್ನು ಹಣೆಗೆ ಒತ್ತಿಕೊಳ್ಳುವುದು ಅವರ ನಮಸ್ಕಾರವಂತೆ. ನಮ್ಮಲ್ಲಿ ಕಾಲಿಗೆ ಬೀಳುವ ಹಾಗೆ, ಆದರೆ ಹಿರಿಯರು ಆಶೀರ್ವಾದಕ್ಕೆ ಬಗ್ಗಬೇಕಾಗಿಲ್ಲ. ನನ್ನಂಥ ಮೊಣಕಾಲಿನವರಿಗೆ ಹೇಳಿ ಮಾಡಿಸಿದ ಪದ್ಧತಿ.

ಮುಖ ತೊಳೆಯಲು ಬಂಡಿ ಬಿಚ್ಚಿ ಗೂಟಕ್ಕೆ ಹಾಕಿದೆ. ಗೋಡೆಗೆ ತಾಗಿ ಝಣ್ ಅಂದಿತು. ಆ ಸದ್ದು ನನಗೆ ಚೆನ್ನಾಗಿ ಗೊತ್ತು. ಒಳಕಿಸೆಗೆ ಕೈ ಹಾಕಿದೆ, ಅಂಗಡಿಯ ಗೊಂಚಲು. ಮನಿಲಾದಲ್ಲಿ ಬಿಸಿಲು ಬಂದಿತ್ತು, ಸಾವರ್ಡೆಯಲ್ಲಿ ಇನ್ನೂ ನಸುಕು. ಮುಖ ತೊಳೆಯುವುದು ಬಿಟ್ಟು ಫೋನ್ ಹಚ್ಚಿದೆ.

"ನೀಲಾ, ದೇವರ ಗೂಡಿನಾಗ ನೋಡು."

ಅವಳು ಎದ್ದು ಹೋದದ್ದು ಕೇಳಿಸಿತು. ಆಮೇಲೆ ಗೂಡಿನಲ್ಲಿ ಗಂಟೆ, ಆರತಿ ಸರಿಸಿದ ಸದ್ದು ಬಂತು.

"ಒಯ್ದೀರಿ?" ಅಂದಳು.

"ಒಯ್ದೇನಿ."

"ವಿಮಾನದಾಗ?"

"ಹೂಂ. ನಾ ಕೊರಿಯರ್ ಮಾಡ್ತೀನಿ, ತಡಿ."

ಪಕ್ಕದಲ್ಲಿದ್ದ ಕಾಯ್ತಾನ, ಕೊರಿಯರ್‌ಗಿಂತ ಮೊದಲು ನಾವೇ ಮುಟ್ಟುತ್ತೇವೆ ಅಂದ. ನೀಲಾ ಕೀಲಿ ಒಡೆಸುವುದಾಗಿ ಹೇಳಿದಳು. ನನಗೆ ಸಿಟ್ಟು ಬಂತು. ಅಪ್ಪ ಹಾಕಿದ ಕೀಲಿ ಅದು, ತಮ್ಮ ಅಂಗಡಿಯ ಕೀಲಿ ತಾವೇ ಒಡೆಯುವುದು ದಿವಾಳಿ ಎದ್ದವರ ಲಕ್ಷಣ, ಪೇಟೆಯವರು ಏನಂದಾರು ಎಂದೆಲ್ಲ ಕೂಗಾಡಿದೆ. ಅವಳು ಎಲ್ಲ ಕೇಳಿಸಿಕೊಂಡಳು.

"ಬಾಯ್ನಾದ ಸಮುದ್ರದಂಡ್ಯಾಗ ಸರಕಾರದವ್ರು ನನ್ನ ತವರಮನಿ ಪೂರ್ತಿ ಕೆಡವಿದ್ರು. ಕೀಲಿ, ಬಾಗಲಾ, ಗ್ವಾಡಿ, ಒಂದೂ ಉಳೀಲಿಲ್ಲ. ಅವತ್ತ ನಮ್ಮವ್ವ ಒಲಿ ಎತ್ಕೊಂಡು ಹೊರಗ ಬಂದು ಅಡಗಿ ಮಾಡಿದ್ಲು. ನೀವು ಒಂದು ಕೀಲಿಗೆ ಅಳಾಕತ್ತೀರಿ. ಆಟ ನೋಡ್ರಿ. ಅಂಗಡಿ ನಾ ನೋಡ್ತೀನಿ."

ಫೋನ್ ಇಟ್ಟಳು. ಆಮೇಲೆ ಎಷ್ಟು ಸಲ ಹಚ್ಚಿದರೂ ಎತ್ತಲಿಲ್ಲ.

ಜೀಪ್ನಿಯಲ್ಲಿ

ನನ್ನ ಮುಖ ನೋಡಲಾಗದೆ ರೊಡೆಲ್ ಊರು ತೋರಿಸಲು ಹೊರಡಿಸಿದ. ಅಲ್ಲಿಯ ಸವಾರಿ ಎಂದರೆ ಜೀಪ್ನಿ. ಉದ್ದ ಮೂತಿಯ ಜೀಪು, ಒಳಗೆ ಎದುರುಬದುರು ಎರಡು ಸೀಟು, ಎಲ್ಲರ ಮೊಣಕಾಲು ಎಲ್ಲರ ಮೊಣಕಾಲಿಗೆ ತಾಗುತ್ತದೆ. ಕಂಡಕ್ಟರ್ ಇಲ್ಲ. ಹಿಂದೆ ಕೂತವನು ಪಕ್ಕದವನ ಕೈಗೆ ದುಡ್ಡು ಕೊಡುತ್ತಾನೆ, ಅವನು ಮುಂದಿನವನಿಗೆ, ಹೀಗೆ ಅದು ಕೈಯಿಂದ ಕೈಗೆ ಹೋಗಿ ಡ್ರೈವರನ್ನು ಮುಟ್ಟುತ್ತದೆ. ಚಿಲ್ಲರೆಯೂ ಅದೇ ದಾರಿಯಲ್ಲಿ ವಾಪಸು ಬರುತ್ತದೆ. ಯಾರೂ ಅದರ ಮೇಲೆ ಕಣ್ಣಿಡುವುದಿಲ್ಲ. ನಾನು ಮಾತ್ರ ನನ್ನ ನೋಟು ಡ್ರೈವರನ್ನು ಮುಟ್ಟುವ ತನಕ ಕತ್ತು ಚಾಚಿ ನೋಡುತ್ತಿದ್ದೆ. ಎದುರಿನ ಮುದುಕಿ ನನ್ನನ್ನು ಕಂಡು ನಕ್ಕಳು.

ಒಂದು ದೊಡ್ಡ ಮಾರುಕಟ್ಟೆಯಲ್ಲಿ ಕಾವಲುಗಾರನನ್ನು ಪಾಯಖಾನೆ ಎಲ್ಲಿ ಎಂದು ಕೇಳಿದೆ. ಅವನು ನನ್ನನ್ನೇ ನೋಡುತ್ತ ತುಟಿ ಮುಂದೆ ಮಾಡಿದ. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಮತ್ತೆ ಕೇಳಿದೆ, ಮತ್ತೆ ತುಟಿ ಮುಂದೆ ಮಾಡಿದ. ಕಾಯ್ತಾನ ಹೊಟ್ಟೆ ಹಿಡಿದುಕೊಂಡು ನಗುತ್ತ ಬಂದು, ಅವರು ದಾರಿ ತೋರಿಸುವುದು ತುಟಿಯಿಂದ, ಪಾಯಖಾನೆ ನಿನ್ನ ಬೆನ್ನ ಹಿಂದೆಯೇ ಇದೆ ಅಂದ. ಆ ಕಷ್ಟದ ದಿನದಲ್ಲೂ ನನಗೆ ನಗು ಬಂತು.

ಸಂಜೆಯ ಹೊತ್ತಿಗೆ ಫೋನ್ ಬಂತು. ಮಾತಾಡಿದ್ದು ಸುಮಾ.

"ಮಾವಾರ, ಎಲ್ಲಾ ಚಲೋ ಆತು. ಅಕ್ಕ ಕೀಲಿಗೆ ಅರಿಷಿಣ ಕುಂಕುಮ ಹಚ್ಚಿದ್ರು, ಊದಿನಕಡ್ಡಿ ಬೆಳಗಿದ್ರು, ಕಾಯಿ ಒಡದ್ರು. ಆಮ್ಯಾಲ ಗ್ಯಾರೇಜಿನಾಗಿಂದ ವೆಲ್ಡಿಂಗ್ ಮಾಡಾಂವನ್ನ ಕರಸಿ ಕೊಯ್ಸಿದ್ರು."

"ಪೂಜಿ ಮಾಡಿ ಕೊಯ್ಸಿದ್ರಾ?"

"ಹೌದ್ರಿ. ಜಾತ್ರ್ಯಾಗ ಕಡಿಯೂ ಕ್ವಾಣಗೆ ಮಾಡಿದಂಗ ಮಾಡಿದ್ರು. ಪೇಟ್ಯಾಗಿನ ಮಂದಿ ಎಲ್ಲಾ ಹೊಸ ಬಾಗಲಾ ಪೂಜಿ ಅಂದ್ಕೊಂಡು ಪ್ರಸಾದ ತಗೊಂಡು ಹ್ವಾದ್ರು."

ಮದುವೆ ಮನೆಯವರು ಬೇಗ ಬಂದುಬಿಟ್ಟಿದ್ದರಂತೆ. ನೀಲಾ ಅವರಿಗೆ ಎದುರಿನ ಹೋಟೆಲಿನಿಂದ ಚಹಾ ತರಿಸಿ ಕಟ್ಟೆಯ ಮೇಲೆ ಕೂರಿಸಿದಳಂತೆ. ಕಾಯುತ್ತ ಕೂತವರು ಮಾತಿನಲ್ಲಿ ಮಾತು ಬಂದು, ಅಡುಗೆಯವರು ಕೇಳಿದ್ದ ದೊಡ್ಡ ಕೊಪ್ಪರಿಗೆಯನ್ನೂ ಇಲ್ಲೇ ತೆಗೆದುಕೊಂಡು ಹೋದರಂತೆ. ಹೊಸ ಕೀಲಿಗೆ ಮೂರು ಕೀಲಿಕೈ. ನೀಲಾಗೊಂದು, ಸುಮಾಗೊಂದು, ಫಕೀರಪ್ಪನಿಗೊಂದು.

ಮೂರು ಕೀಲಿಕೈ ಎಂಬ ಮಾತು ನನ್ನ ಎದೆಗೆ ಚುಚ್ಚಿತು. ನಮ್ಮ ಅಂಗಡಿಗೆ ಎಂದೂ ಒಂದೇ ಗೊಂಚಲು. ಆದರೂ ಆ ದಿನ ಮೊದಲ ಸಲ ಹೊಟ್ಟೆ ಹಸಿಯಿತು. ಒಂದು ಕಂಟಕ ಕಳೆಯಿತು. ಒಂದು ಆಟ ಗೆದ್ದ ಮಾತ್ರಕ್ಕೆ ತಂಡ ಗಟ್ಟಿ ಎನ್ನಲಾಗದು, ಇನ್ನೂ ವಾರ ಉಳಿದಿದೆ ಎಂದು ನನಗೆ ನಾನೇ ಹೇಳಿಕೊಂಡೆ.

ಗಲ್ಲಿಗಳು

ಗೋವೆಯಲ್ಲಿ ಗದ್ದೆ ಕೊಯ್ಲಾದರೆ ಸಾಕು, ಹುಡುಗರು ಫುಟ್‌ಬಾಲ್ ತರುತ್ತಾರೆ. ಇಲ್ಲಿ ಎಲ್ಲೆಲ್ಲೂ ಬುಟ್ಟಿ. ತೆಂಗಿನ ಮರಕ್ಕೆ ಹಲಗೆ ಬಡಿದು ಬುಟ್ಟಿ, ಚರ್ಚಿನ ಹಿಂದೆ ಬುಟ್ಟಿ, ಗ್ಯಾರೇಜಿನ ಬಾಗಿಲ ಮೇಲೆ ಬುಟ್ಟಿ. ಹವಾಯಿ ಚಪ್ಪಲಿ ಹಾಕಿಕೊಂಡೇ ಹಾರುತ್ತಾರೆ. ಗಲ್ಲಿಯ ನಡುವೆ ಆಟ ನಡೆದಿದ್ದರೆ ರಿಕ್ಷಾದವನು ಹಾರ್ನ್ ಹೊಡೆಯದೆ ಬುಟ್ಟಿಗೆ ಚೆಂಡು ಬೀಳುವ ತನಕ ಕಾಯುತ್ತಾನೆ. ನನ್ನ ಪಾಲಿಗೆ ಇದು ತೀರ್ಥಕ್ಷೇತ್ರ.

ಮಾಂಸ ಮುಟ್ಟದ ನನಗೆ ಊಟದ್ದೇ ಪೇಚು. ಮೂರು ಹೊತ್ತೂ ಅನ್ನ, ಅನ್ನದ ಜೊತೆ ಏನಾದರೊಂದು ಪ್ರಾಣಿ. ರೊಡೆಲ್‌ನ ಹೆಂಡತಿ ನನಗಾಗಿ ಬರೀ ಕಾಯಿಪಲ್ಲೆಯ ಸಾರು ಮಾಡಿದಳು, ರುಚಿಗೆ ಎಂದು ಒಂದು ಚಮಚ ಸಿಗಡಿಯ ಚಟ್ನಿಯನ್ನೂ ಹಾಕಿದಳು. ಅದು ಅವರಿಗೆ ಉಪ್ಪಿದ್ದಂತೆ, ಮಾಂಸವೆಂಬ ಲೆಕ್ಕದಲ್ಲೇ ಇಲ್ಲ. ನಾನು ನೀಲಾ ಕಟ್ಟಿಕೊಟ್ಟ, ಒಣಗಿಸಿದ ಜೋಳದ ಕಟಕ ರೊಟ್ಟಿಯ ಗಂಟು ಬಿಚ್ಚಿದೆ. ಅವರು ಅದನ್ನು ಕೈಯಲ್ಲಿ ಹಿಡಿದು ತಟ್ಟಿ ನೋಡಿದರು, ತಟ್ಟೆಯೋ ತಿಂಡಿಯೋ ತಿಳಿಯಲಿಲ್ಲ. ಶೇಂಗಾ ಚಟ್ನಿ ಹಚ್ಚಿ ಕೊಟ್ಟ ಮೇಲೆ ಯಾರೂ ಏನೂ ಕೇಳಲಿಲ್ಲ. ಎರಡು ದಿನದಲ್ಲಿ ಗಂಟು ಖಾಲಿ ಆಯಿತು, ಆಮೇಲೆ ನಾನು ಬಾಳೆಹಣ್ಣು ಬ್ರೆಡ್ಡಿನ ಮೇಲೆ ಬದುಕಿದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅವರ ಮಾತಿನ ಬಾಲ. ದೊಡ್ಡವರ ಜೊತೆ ಮಾತಾಡುವಾಗ ಕೊನೆಗೊಂದು 'ಪೋ' ಸೇರಿಸುತ್ತಾರೆ. ನಾವು ಹೌದ್ರೀ, ಬರ್ರೀ ಅನ್ನುವ ಹಾಗೆಯೇ. ಬೆಂಗಳೂರಿನವರಿಗೆ ನಮ್ಮ 'ರೀ' ತಿಳಿಸಲು ನಾನು ಹೆಣಗಿದ್ದೇನೆ, ಮನಿಲಾದವರಿಗೆ ಒಂದೇ ಮಾತಿಗೆ ತಿಳಿಯಿತು. ರೊಡೆಲ್‌ನ ಮಗಳು ಕೊನೆಗೆ ನನ್ನನ್ನು "ಶೇಟ್ ರೀ" ಎಂದು ಕರೆಯತೊಡಗಿದಳು.

ಇದರ ನಡುವೆ ದಿನಾ ಅಂಗಡಿಗೆ ಫೋನ್ ಹಚ್ಚುತ್ತಿದ್ದೆ. ಕುಕ್ಕರಿನ ಗ್ಯಾಸ್ಕೆಟ್ ಎಲ್ಲಿದೆ ಗೊತ್ತೇ, ತಾಮ್ರಕ್ಕೆ ಹುಳಿ ಹಚ್ಚಿ ತೊಳೆದಿರಾ, ಫಕೀರಪ್ಪ ಹೆಸರು ಸರಿಯಾಗಿ ಕೇಳಿ ಕೊರೆಯುತ್ತಾನಾ. ಮೊದಲು ನೀಲಾ ಉತ್ತರ ಹೇಳಿದಳು. ಆಮೇಲೆ "ಗಿರಾಕಿ ಅದಾರ, ಇಡ್ರಿ" ಅಂದಳು. ಕೊನೆಗೆ ಫಕೀರಪ್ಪನ ಕೈಯಲ್ಲಿ ಫೋನ್ ಕೊಟ್ಟಳು. ಅವನು ಬಹಳ ಸಂಕೋಚದಿಂದ, "ಸಾವಕಾರ್ರ, ನೀವು ಫೋನ್ ಹಚ್ಚಿದಾಗೆಲ್ಲಾ ಕೆಲಸ ನಿಲ್ಲಾಕತ್ತದರೀ" ಅಂದ.

ಆಟದ ದಿನ

ರೊಡೆಲ್ ಕೊಡಿಸಿದ ಜಾಗ ನಮ್ಮ ತಂಡದ ಬೆಂಚಿನ ಬೆನ್ನಿಗೇ ಇತ್ತು. ಅಂಗಣ ತುಂಬಿತ್ತು, ಡೋಲು ಬಡಿಯುತ್ತಿದ್ದರು. ನಾನು ಫೋನಿನಲ್ಲಿ ಬೆರಳುದ್ದ ನೋಡಿದ್ದ ಮನುಷ್ಯರು ಕಣ್ಣೆದುರು ಮರದ ಹಾಗೆ ನಿಂತಿದ್ದರು. ತಂಬಿಗೆ ಕೂಡ ನನಗಿಂತ ಒಂದು ಗೇಣು ಎತ್ತರ. ಅವನ ಮೊಣಕಾಲಿಗೆ ದಪ್ಪ ಪಟ್ಟಿ ಇತ್ತು. ಫೋನಿನಲ್ಲಿ ಅದು ನನಗೆ ಎಂದೂ ಕಂಡಿರಲಿಲ್ಲ.

ಫೋನಿನಲ್ಲಿ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ, ನಾವೂ ಓಡುತ್ತೇವೆ. ಇಲ್ಲಿ ನನ್ನ ಕಣ್ಣ ಮುಂದೆ ಇದ್ದದ್ದು ಬೆಂಚು. ಲಟ್ಟಣಿಗೆ ಸುಮ್ಮನೆ ಕೂತಿರಲಿಲ್ಲ. ಎದುರಾಳಿ ಯಾರು ಎಲ್ಲಿಂದ ಬಂದು ಅಡ್ಡ ನಿಲ್ಲುತ್ತಾನೆ ಎಂಬುದನ್ನು ಕೂತಲ್ಲಿಂದಲೇ ಕೂಗಿ ಹೇಳುತ್ತಿದ್ದ. ಝಾರಾ ಮಂಡಿಯ ಮೇಲೆ ಕೈಯೂರಿ, ಎದುರು ತಂಡದ ದೈತ್ಯನ ಪಾದಗಳನ್ನು ಮಾತ್ರ ನೋಡುತ್ತಿದ್ದ. ಇವರು ಅರ್ಧ ಆಟವನ್ನು ಬೆಂಚಿನ ಮೇಲೆ ಕೂತೇ ಆಡುತ್ತಿದ್ದರು ಅನ್ನಿಸಿತು.

ಮೂರನೆಯ ಕ್ವಾರ್ಟರಿನಲ್ಲಿ ತಂಬಿಗೆ ಹಾರಿ ಇಳಿಯುವಾಗ ಬೇರೊಬ್ಬನ ಪಾದದ ಮೇಲೆ ಇಳಿದ. ಬಿದ್ದ. ಮೊಣಕಾಲು ಹಿಡಿದುಕೊಂಡ. ಡೋಲಿನ ಬಡಿತ ನಿಂತಿತು. ನನ್ನ ಕೈ ನನ್ನ ಮೊಣಕಾಲಿನ ಮೇಲೆ ಹೋಗಿತ್ತು. ಮುಗೀತು ಅಂದೆ ಕಾಯ್ತಾನನಿಗೆ. ಅವನು ಬೆಂಚಿನ ಕಡೆ ಬೆರಳು ತೋರಿಸಿದ.

ಕೋಚ್ ಬೆಂಚಿನ ಕಡೆ ತಿರುಗುವ ಮೊದಲೇ ಲಟ್ಟಣಿಗೆ ಮೇಲಂಗಿ ಬಿಚ್ಚಿ ನಿಂತಿದ್ದ. ಝಾರಾನನ್ನೂ ಕಳಿಸಿದರು. ಮೊದಲಿಗೆ ನಾನು ಹೇಳಿದ್ದೇ ನಿಜವಾಗುವಂತೆ ಕಂಡಿತು. ಮುನ್ನಡೆ ಕರಗುತ್ತ ಬಂದು ಒಂದು ಬುಟ್ಟಿಯಷ್ಟೇ ಉಳಿಯಿತು. ಕೋಚ್ ತಿರುಗಿ ತಂಬಿಗೆಯ ಮುಖ ನೋಡಿದ. ಮೊಣಕಾಲಿನ ಮೇಲೆ ಐಸ್ ಚೀಲ ಕಟ್ಟಿಸಿಕೊಂಡು ಕೂತಿದ್ದ ತಂಬಿಗೆ ಕೈಯಾಡಿಸಿದ. ಅವರನ್ನೇ ಆಡಲು ಬಿಡು ಎಂಬ ಸನ್ನೆ ಅದು, ಅದಕ್ಕೆ ಭಾಷೆ ಬೇಕಿರಲಿಲ್ಲ. ಕೋಚ್ ಈ ಸಲ ಯಾರನ್ನೂ ಹೊರಗೆ ಕರೆಯಲಿಲ್ಲ.

ಆಗ ನನಗೆ ಝಾರಾ ಏನು ಮಾಡುತ್ತಾನೆ ಎಂಬುದು ಕಂಡಿತು. ಅವನು ಚೆಂಡು ಹಿಡಿಯಲು ಹೋಗುವುದೇ ಇಲ್ಲ. ಚೆಂಡು ಮೇಲಿರುವಾಗ ಆ ದೈತ್ಯನಿಗೆ ಬೆನ್ನು ಕೊಟ್ಟು ತಡೆದು ನಿಲ್ಲುತ್ತಾನೆ, ಹಂಡೆ ಆರಾಮಾಗಿ ಬಂದು ಹಿಡಿಯುತ್ತಾನೆ. ಫೋನಿನಲ್ಲಿ ನಾನು ನೋಡಿದ್ದು ಚೆಂಡು ಹಿಡಿದ ಹಂಡೆಯನ್ನು, ಹೊಗಳಿದ್ದೂ ಹಂಡೆಯನ್ನೇ. ಲಟ್ಟಣಿಗೆ ನಿಧಾನವಾಗಿ ಆಡಿಸಿದ, ಅವಸರ ಮಾಡಲಿಲ್ಲ. ಬೆಂಚಿನವರು ಎಷ್ಟು ಬುಟ್ಟಿ ಹಾಕಿದರು ಎಂದು ನಾನು ಇಷ್ಟು ದಿನ ಲೆಕ್ಕ ಹಿಡಿದಿದ್ದೆ. ಅವರು ಒಳಗಿದ್ದಾಗ ಉಳಿದವರ ಆಟ ಹೇಗಿರುತ್ತದೆ ಎಂದು ನೋಡಿಯೇ ಇರಲಿಲ್ಲ. ಬೆಂಚಿನ ಬಲ ಅಳೆಯಬೇಕಾದದ್ದು ಅಲ್ಲಿ.

ಗೆದ್ದರು. ಕಡಿಮೆ ಅಂತರ, ಆದರೆ ಗೆಲುವು. ಜನ ಕುರ್ಚಿಯ ಮೇಲೆ ಹತ್ತಿ ಕುಣಿದರು, ಒಬ್ಬಾಕೆ ಗುರುತಿಲ್ಲದ ನನ್ನ ಕೆನ್ನೆ ಹಿಂಡಿದಳು. ನಾನು ತಂಬಿಗೆಯನ್ನು ನೋಡುತ್ತಿದ್ದೆ. ಅವನಿಲ್ಲದೆ ತಂಡ ಗೆದ್ದಿತ್ತು, ಅವನ ಮುಖದಲ್ಲಿ ಅದರ ನೋವು ಹುಡುಕಿದೆ. ಸಿಗಲಿಲ್ಲ. ಒಂಟಿಕಾಲಿನಲ್ಲಿ ನಿಂತು ಝಾರಾನ ತಲೆ ನೇವರಿಸುತ್ತಿದ್ದ, ಹೊರೆ ಇಳಿಸಿದವನ ಮುಖ ಅದು. ನನಗೆ ಕಣ್ಣು ತುಂಬಿ ಬಂತು. ಬಹಳ ದಿನದಿಂದ ಹಿಡಿದಿಟ್ಟದ್ದು ಸಡಿಲವಾದ ಹಾಗೆ ಅನ್ನಿಸಿತು.

"ಐದೇ ಮಂದಿ ಸಂಸಾರ, ಅಲ್ಲಾ ಶೇಟ್?" ಅಂದ ಕಾಯ್ತಾನ.

"ಸುಮ್ನಿರಪ್ಪ," ಅಂದೆ.

ಮತ್ತೆ ಸಾವರ್ಡೆ

ದಾಬೋಳಿಯಿಂದ ಬರುವಾಗ ಟ್ಯಾಕ್ಸಿಯನ್ನು ಮನೆಗೆ ಬಿಡದೆ ಪೇಟೆಗೆ ಬಿಡಿಸಿದೆ. ಬೆಳಗಿನ ವ್ಯಾಪಾರದ ಹೊತ್ತು. ಎದುರಿನ ಹೋಟೆಲಿನ ಕಂಬಕ್ಕೆ ಒರಗಿ ನಮ್ಮ ಅಂಗಡಿಯನ್ನು ನೋಡುತ್ತ ನಿಂತೆ. ಹಾಗೆ ಹೊರಗಿನಿಂದ ಅದನ್ನು ನೋಡಿದ್ದು ನೆನಪಿಲ್ಲ.

ಗಲ್ಲಾದಲ್ಲಿ ನೀಲಾ. ಏಣಿಯ ಮೇಲೆ ಸುಮಾ. ಮೂಲೆಯಲ್ಲಿ ಫಕೀರಪ್ಪನ ಯಂತ್ರದ ಕರಕರ. ಒಬ್ಬ ಹೆಂಗಸು ಕುಕ್ಕರ್ ಹಿಡಿದು ಚೌಕಾಶಿ ಮಾಡುತ್ತಿದ್ದಳು. ನೀಲಾ ಒಂದು ಬೆಲೆ ಹೇಳಿ ಸುಮ್ಮನಾದಳು. ಹೆಂಗಸು ಕುಕ್ಕರ್ ಇಟ್ಟು ಕೆಳಗಿಳಿದು ಹೊರಟೇಬಿಟ್ಟಳು. ನಾನಾಗಿದ್ದರೆ ಹಿಂದೆ ಕೂಗಿ ಕರೆದು ಬೆಲೆ ಇಳಿಸುತ್ತಿದ್ದೆ. ಕಾಲು ಮುಂದೆ ಹೋಗಿತ್ತು, ಮೊಣಕಾಲು ತಡೆಯಿತು. ಹೆಂಗಸು ಎರಡು ಅಂಗಡಿ ದಾಟಿ, ನಿಂತು, ಏನೋ ಯೋಚಿಸಿ ತಿರುಗಿ ಬಂದಳು. ನೀಲಾ ಅವಳಿಗೆ ಕುಕ್ಕರ್ ಕೊಟ್ಟು, ಒಂದು ಚಮಚ ಮೇಲೆ ಇಟ್ಟಳು. ಇಬ್ಬರೂ ಏನೋ ಹೇಳಿಕೊಂಡು ನಕ್ಕರು.

ನಾನು ರಸ್ತೆ ದಾಟಿದೆ. ಯಾರೂ ಗಡಬಡಿಸಿ ಏಳಲಿಲ್ಲ.

"ಬಂದ್ರ್ಯಾ?" ಅಂದಳು ನೀಲಾ. "ಭಾಳ ಸೊರಗೀರಿ. ರೊಟ್ಟಿ ಸಾಲಲಿಲ್ಲೇನು?"

"ದವಾಖಾನಿಗೆ ಫೋನ್ ಹಚ್ಚು," ಅಂದೆ. ಇದನ್ನು ಹೇಗೆ ಹೇಳಬೇಕೆಂದು ವಿಮಾನದುದ್ದಕ್ಕೂ ಯೋಚಿಸಿದ್ದೆ, ಕೊನೆಗೆ ಇಷ್ಟೇ ಬಂತು.

"ಹಚ್ಚಿ ಆಗೇತಿ. ಬರೋ ಸೋಮವಾರ ಕೊಟ್ಟಾರ."

"ಯಾವಾಗ ಹಚ್ಚಿದಿ?"

"ಕೀಲಿ ಕೊಯ್ಸಿದ್ನಲ್ಲ, ಅವತ್ತ. ವೆಲ್ಡಿಂಗಿನಾಂವ ಬರೂತನ ಕಟ್ಟಿ ಮ್ಯಾಲ ಸುಮ್ನ ಕುಂದ್ರೂದ್ಯಾಕ ಅಂತ ಹಚ್ಚಿದೆ."

ನನಗೆ ಲೆಕ್ಕ ಹತ್ತಲಿಲ್ಲ. ಆ ಹೊತ್ತಿಗೆ ಇನ್ನೂ ಬಾಗಿಲೇ ತೆಗೆದಿರಲಿಲ್ಲ. ಅಂಗಡಿ ನಡೆಯುತ್ತದೋ ಇಲ್ಲವೋ ಯಾರಿಗೆ ಗೊತ್ತಿತ್ತು ಎಂದು ಕೇಳಿದೆ.

"ನಮಗ ಗೊತ್ತಿತ್ತು," ಅಂದಳು. "ನಿಮಗ ಗೊತ್ತಾಗಲಿ ಅಂತ ಕಳಿಸಿದ್ವಿ."

ಏಣಿಯ ಮೇಲಿದ್ದ ಸುಮಾ ಬೇಕಂತಲೇ ಗೋಡೆಯ ಕಡೆ ಮುಖ ತಿರುಗಿಸಿದಳು. ಫಕೀರಪ್ಪನ ಯಂತ್ರ ನಿಂತಿತ್ತು.

"ಹಂಗಾದ್ರ ಅಂಗಡಿಗೆ ನಾ ಬೇಕಾಗೇ ಇಲ್ಲ," ಅಂದೆ. ನಗುತ್ತಲೇ ಅಂದದ್ದು, ಆದರೆ ಕೈ ಒಳಕಿಸೆಯ ಹಳೆಯ ಗೊಂಚಲಿನ ಮೇಲೆ ಹೋಗಿತ್ತು.

ನೀಲಾ ಮುಂದಿನ ಗಿರಾಕಿಯ ತಾಟುಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದಳು. ತಲೆ ಎತ್ತಲಿಲ್ಲ.

"ನೀವು ಇಲ್ದಿದ್ರೂ ಅಂಗಡಿ ನಡೀತದರೀ. ನನಗ ನಡ್ಯಂಗಿಲ್ಲ. ಕಾಲು ನೆಟ್ಟಗ ಮಾಡ್ಕೊಂಡು ಬರ್ರಿ."

ನಾನು ಹೂಂ ಅಂದೆ. ಬ್ಯಾಗು ಎತ್ತಿಕೊಂಡು ಮನೆಯ ಕಡೆ ನಡೆದೆ. ವ್ಯಾಪಾರದ ಹೊತ್ತಿನಲ್ಲಿ, ಬಾಗಿಲು ಹಾಕದೆ ನಾನು ಮನೆಗೆ ಹೊರಟದ್ದು ಅದೇ ಮೊದಲು, ಬೆನ್ನ ಹಿಂದೆ ಅಂಗಡಿ ತೆರೆದೇ ಇತ್ತು.